ರಾಕ್ಷಸನ ಕಣ್ಣಮುಂದಿನ ಅಕ್ಷರ

ಕೊಳಕೂರ
ಏಪ್ರಿಲ್ 4, 2025

ಪ್ರೀತಿಯ ಶೈಲಾ,

ಹೇಳಿಕೊಟ್ಟ ಮಾತು ಆಡುವವನು ನಟನಲ್ಲ, ಗಿಳಿ ಎಂದು ಅಪ್ಪ ಅಂದಿದ್ದನೋ, ಗಿಳಿಗಿಂತ ಕಡೆ ಎಂದಿದ್ದನೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಅಪ್ಪನ ಮಾತುಗಳನ್ನು ನಮ್ಮಿಬ್ಬರಲ್ಲಿ ನೀನೇ ಚೆನ್ನಾಗಿ ನೆನಪಿಟ್ಟವಳು. ಹೆಚ್ಚಿನವು ನಿನ್ನ ಮೇಲೇ ಬಿದ್ದಿದ್ದವಲ್ಲ. ಅದಿರಲಿ. ಮೊದಲು ನಿನ್ನ ಗಂಟಲು ಹೇಗಿದೆ ಹೇಳು. ನಿಮ್ಮ ಕಂಪನಿಯ ಆಳಂದದ ಕ್ಯಾಂಪಿನಲ್ಲಿ ದಿನಕ್ಕೆ ಎರಡು ಆಟವೆಂದು ಹಾರ್ಮೋನಿಯಮ್ಮಿನ ಹುಲೆಪ್ಪ ಮಾಸ್ತರ ಹೇಳಿದರು. ಈ ಬಿಸಿಲಿನಲ್ಲಿ ತಗಡಿನ ಕೆಳಗೆ ಬಣ್ಣ ಹಚ್ಚಿಕೊಂಡು ಕೂಗುವುದು ಎಷ್ಟು ಕಷ್ಟವೆಂದು ನಿನಗೇ ಗೊತ್ತು. ಬಿಸಿನೀರು ಕುಡಿ. ಅವ್ವನ ಮೊಣಕಾಲು ಹಾಗೇ ಇದೆ. ನನಗೆ ಹೊಸ ಕಾಯಿಲೆ ಏನೂ ಬಂದಿಲ್ಲ. ಅಪ್ಪ ಉಣ್ಣುತ್ತಾನೆ, ನಡೆಯುತ್ತಾನೆ, ಕೇಳಿದರೆ ತನ್ನ ಹೆಸರು ಅಂಬಾರಾಯ ಎನ್ನುತ್ತಾನೆ. ಕೆಲವೊಮ್ಮೆ ಕೇಳದಿದ್ದರೂ ಎನ್ನುತ್ತಾನೆ. ಈ ಪತ್ರವನ್ನು ಮಾಸ್ತರರ ಕೈಯಲ್ಲೇ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ನೀನು ಅಳುತ್ತೀ, ನಾನು ಅರ್ಧಕ್ಕೆ ಬಿಡುತ್ತೇನೆ. ಅರ್ಧ ಹೇಳಿದ ಮಾತುಗಳು ನಮ್ಮ ಮನೆಯಲ್ಲಿ ಈಗಾಗಲೇ ಸಾಕಷ್ಟಿವೆ.

ನೀನು ನೋಡಿದ ವಿಡಿಯೊದ ಬಗ್ಗೆ ಬರೆಯಬೇಕು. ಅದನ್ನು ನೋಡಿಯೇ ಸೋಮವಾರ ಊರಿಗೆ ಬರುತ್ತೇನೆ ಎಂದು ಅವ್ವನಿಗೆ ಹೇಳಿದ್ದೀಯಂತೆ. ಅದರಲ್ಲಿ ಕೊಂಬಿನ ಶಿರಸ್ತ್ರಾಣ ತೊಟ್ಟ ರಾಕ್ಷಸರಾಜ ಎಲ್ಲರ ಎದುರು ಮಗಳ ಕ್ಷಮೆ ಕೇಳುತ್ತಾನೆ, ನಿನ್ನ ಹೆಸರು ಹಿಡಿದು ಮನೆಗೆ ಕರೆಯುತ್ತಾನೆ. ಧ್ವನಿ ಅಪ್ಪನದೇ. ನೀನು ನಾಟಕ ಕಂಪನಿ ಸೇರಿದ ದಿನ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಮಗಳು ಸತ್ತಳು ಎಂದು ಊರಿಗೆಲ್ಲ ಹೇಳಿದ ಅದೇ ಧ್ವನಿ. ಹೊರಗಿನಿಂದ ಕರೆಸಿದ ಹೆಣ್ಣು ಪಾತ್ರದವರ ಜೊತೆ ಜೀವನಪೂರ್ತಿ ರಾಜನಾಗಿ ಕುಣಿದವನಿಗೆ, ಪರದೆಯ ಹಿಂದೆ ಗಂಡಸರು ಅವರ ಬಗ್ಗೆ ಏನು ಮಾತಾಡುತ್ತಾರೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅವನೂ ಮಾತಾಡಿದವನೇ. ಧ್ವನಿ ಅವನದು ಎಂದೆ. ಉಳಿದದ್ದನ್ನು ಹೇಳುತ್ತೇನೆ.

ಯುಗಾದಿಯ ಮರುದಿನದ ನಮ್ಮೂರ ನಾಟಕಕ್ಕೆ ತಾಲೀಮು ಶುರುವಾದಾಗಲೇ ಅಪ್ಪನಿಗೆ ಮಾತು ತಪ್ಪತೊಡಗಿತ್ತು. ಶತ್ರುವಿನ ಮಗನ ಜೊತೆ ಓಡಿಹೋದ ಮಗಳನ್ನು ರಾಕ್ಷಸರಾಜ ಶಪಿಸುವ ಪ್ರವೇಶ. ಅಲ್ಲಿ ಬಂದು ನಿಂತುಬಿಡುತ್ತಿದ್ದ. ಮಂತ್ರಿಯ ಪಾತ್ರದ ದತ್ತಪ್ಪ ಒಂದು ದಿನ, "ಲಗೂ ಶಾಪ ಕೊಡ್ರಿ ಕಾಕಾ, ಅಕಿಗಿ ಬಸ್ಸಿನ ಹೊತ್ತಾತು!" ಎಂದ. ಎಲ್ಲರೂ ನಕ್ಕರು. ಅಪ್ಪ, "ಯಾರಿಗಿ ಶಾಪ?" ಎಂದು ಕೇಳಿದ. ಆಮೇಲೆ ಯಾರೂ ನಗಲಿಲ್ಲ. ಪಾತ್ರವನ್ನು ದತ್ತಪ್ಪನಿಗೇ ಕೊಡುವ ಮಾತು ಬಂತು. ಅವ್ವ ನನ್ನ ಹತ್ತಿರ ಬಂದು, "ಪಾತ್ರ ಕಸಗೊಂಡ್ರ ಅವ ಉಳಿಯಲ್ಲಪ. ನೀ ಸೈನ್ಸ್ ಮಾಸ್ತರ ಅಲ್ಲೇನು? ಏನರ ಮಾಡು" ಎಂದಳು.

ಮಾಡಿದೆ. ಜೇವರ್ಗಿಯ ಸ್ಟ್ಯಾಂಡಿನ ಬಳಿ ಗೌಸಮೊಹಿದ್ದೀನನ ಗ್ಯಾರೇಜಿನಿಂದ ಬಿರುಕುಬಿಟ್ಟ ಬೈಕ್ ಹೆಲ್ಮೆಟ್ ತಂದೆ. ಯಾಕೆಂದು ಹೇಳಿದಾಗ ಅವನು, "ರಾಕ್ಷಸಗ ಲೈಸನ್ಸ್ ಅದ ಏನ್ರಿ ಸರ್?" ಎಂದು ನಕ್ಕ. ಅದಕ್ಕೆ ಥರ್ಮೋಕೋಲಿನ ಕೊಂಬು, ಬಂಗಾರದ ಕಾಗದ, ಕೋರೆಹಲ್ಲು. ಒಳಗೆ ಹಣೆಯ ಮೇಲೆ ಹಳೆಯ ಮೊಬೈಲು, ಅದರ ಮುಂದೆ ಸಣ್ಣ ಕನ್ನಡಿ, ಶಾಲೆಯ ಪ್ರಯೋಗಾಲಯದ ಒಂದು ಮಸೂರ, ಕಣ್ಣಿನ ಎದುರು ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆ. ಮೊದಲು ಅಕ್ಷರಗಳು ತಿರುಗುಮುರುಗಾಗಿ ಬಂದವು; ಸರಿಮಾಡಿದೆ. ಬೀಸಿದ ಗಾಳಿಗೂ ಅಲುಗದೆ ಅವು ದೂರದಲ್ಲಿ ತೇಲುತ್ತಿದ್ದವು. ಎದುರಿನ ಜಗತ್ತೂ ಕಾಣುತ್ತದೆ, ಅದರ ಮೇಲೆ ಬರಹವೂ ಕಾಣುತ್ತದೆ. ನಾನು ಪಕ್ಕದಲ್ಲಿ ಕುಳಿತು ನನ್ನ ಫೋನಿನಲ್ಲಿ ಬರೆದದ್ದು ಅಪ್ಪನಿಗೆ ಜನರ ಮುಖದ ಮೇಲೆ ಬರೆದಂತೆ ತೋರುತ್ತಿತ್ತು. ಅವನು ಕೇಳಿದ್ದು ಒಂದೇ: "ಹಿಂದಿಂದ ಯಾರೂ ಒದರಂಗಿಲ್ಲ ಹೌದಿಲ್ಲೋ? ಮತ್ತ ಇದು ಹೇಳಿಕೊಟ್ಟಿದ್ದು ಅಲ್ಲ ಬಿಡು."

ತಾಲೀಮಿನಲ್ಲಿ ಒಮ್ಮೆ ನಾನು, ಎಡಗಾಲು ಮುಂದಿಡು ಎಂದು ಸೂಚನೆ ಬರೆದೆ. ಅಪ್ಪ ಕತ್ತಿ ಎತ್ತಿ, ಸಭೆ ನಡುಗುವಂತೆ, "ಎಡಗಾಲು ಮುಂದಿಡು!" ಎಂದು ಗರ್ಜಿಸಿದ. ದತ್ತಪ್ಪ ನೆಲಕ್ಕೆ ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ, ನೀರು ಕುಡಿ ಎಂದು ಬರೆದೆ, ಅದನ್ನೂ ಗರ್ಜಿಸಿದ. ಸೇನಾಪತಿಗೆ ನಾನು ಹೆದರುತ್ತೇನೆ ಎಂದು ಬರೆದೆ. ಅದನ್ನೂ ಆಡಿದ, ಎದೆ ಸೆಟೆಸಿ. ಚಿಕ್ಕವನಿದ್ದಾಗ ನನ್ನನ್ನು ಒಂದು ನೋಟದಿಂದ ಮೂಲೆಗೆ ನಿಲ್ಲಿಸುತ್ತಿದ್ದವನ ನಾಲಗೆ ಈಗ ನನ್ನ ಹೆಬ್ಬೆರಳಿನ ಕೆಳಗೆ ಇತ್ತು. ಅದು ನನಗೆ ಹಿತವಾಗಿತ್ತು. ಇದನ್ನು ತಪ್ಪೊಪ್ಪಿಗೆ ಎಂದು ಬರೆಯುತ್ತಿಲ್ಲ, ಹವೆ ಹೇಗಿತ್ತು ಎಂದು ಬರೆಯುವ ಹಾಗೆ ಬರೆಯುತ್ತಿದ್ದೇನೆ.

ಈಗ ಹೊತ್ತು ಮೀರಿ ಮೈಕಿಗೆ ಪರವಾನಗಿ ಸಿಗುವುದಿಲ್ಲ, ಆದ್ದರಿಂದ ಆಟ ಸಂಜೆಯೇ ಶುರುವಾಯಿತು. ಶಾಪದ ಪ್ರವೇಶ ಬಂದಾಗ ಇನ್ನೂ ಬೆಳಕಿತ್ತು. ಶಾಪದ ಮಾತು ನನ್ನ ಫೋನಿನಲ್ಲಿ ಸಿದ್ಧವಾಗಿತ್ತು, ಅದನ್ನು ಕಳಿಸಲಿಲ್ಲ. ಬೇರೆ ಬರೆದೆ. ಮಗಳೇ, ಬಣ್ಣ ಹಚ್ಚಿದವಳೆಂದು ನಿನ್ನನ್ನು ಹೊರಗೆ ಹಾಕಿದೆ, ನಾನೂ ಬಣ್ಣ ಹಚ್ಚಿದವನೇ. ಬದುಕಿದ್ದವಳನ್ನು ಸತ್ತಳೆಂದೆ. ತಪ್ಪು ನನ್ನದು. ಶೈಲಾ, ಮನೆಗೆ ಬಾ. ಸಾಲು ಸಾಲಾಗಿ ಕಳಿಸಿದೆ, ಸಾಲು ಸಾಲಾಗಿ ಆಡಿದ. ತಪ್ಪು ಎಂಬಲ್ಲಿ ಅವನ ಧ್ವನಿ ಒಡೆಯಿತು. ನೀನು ಅದನ್ನು ಎಷ್ಟು ಸಲ ಹಿಂದೆ ಮಾಡಿ ಕೇಳಿರಬಹುದು ಎಂದು ಊಹಿಸಬಲ್ಲೆ. ಅದು ಪಶ್ಚಾತ್ತಾಪವಲ್ಲ, ಶೈಲಾ. ಎಲ್ಲಿ ಒಡೆಯಬೇಕೆಂದು ಅವನಿಗೆ ಗೊತ್ತಿದೆ. ನಿನಗೂ ಗೊತ್ತಿದೆ, ಅದೇ ನಿನ್ನ ಅನ್ನ. ಹುಲೆಪ್ಪ ಮಾಸ್ತರರ ಕೈ ಹಾರ್ಮೋನಿಯಮ್ಮಿನ ಮೇಲೆ ನಿಂತುಹೋಯಿತು. ಹೆಂಗಸರ ಸಾಲಿನಲ್ಲಿ ಅವ್ವ ಎದ್ದು ನಿಂತಳು. ಆಮೇಲೆ ಚಪ್ಪಾಳೆ, ಸಿಳ್ಳೆ. ಊರು ನಿನ್ನನ್ನು ಕ್ಷಮಿಸಿತು. ನೀನು ಏನು ಮಾಡಿದ್ದೆ ಎಂದು ಯಾರೂ ಕೇಳಲಿಲ್ಲ.

ಬಣ್ಣ ತೆಗೆಯುವಾಗ ಅಪ್ಪ ಸಿಟ್ಟಾಗಿದ್ದ. "ಯಾವನ್ಲೇ ಈ ಮಾತು ಬರದಾವ? ರಾಕ್ಷಸ ಮಗಳ ಮುಂದ ಹಿಂಗ ಬಾಗ್ತಾನೇನು? ಮುಂದಿನ ಆಟಕ್ಕ ತಗದ್ಹಾಕು." ಮುಖ ಒರೆಸಿಕೊಳ್ಳುತ್ತ, "ಆದ್ರ ಚಪ್ಪಾಳಿ ಬರೋಬರಿ ಬಿತ್ತು" ಎಂದ. ಅಷ್ಟೇ. ಕ್ಷಮೆಯ ಆ ಮಾತನ್ನು ಒಮ್ಮೆ ಯಾರ ಬಾಯಲ್ಲಾದರೂ ಕೇಳಬೇಕೆಂದು ನನಗಿತ್ತೋ, ಅಥವಾ ಅವನ ಬಾಯಲ್ಲೇ ಅದನ್ನು ತುರುಕಿ ನೋಡಬೇಕೆಂದಿತ್ತೋ, ಕುಳಿತು ಯೋಚಿಸಿದರೂ ತಿಳಿಯುತ್ತಿಲ್ಲ. ವಿಡಿಯೊ ಮಾಡಿದ್ದು ದತ್ತಪ್ಪ. ಅದು ಆಳಂದದವರೆಗೆ ಹೋಗುತ್ತದೆಂದು ನನಗೆ ತಿಳಿಯದೆ ಇರಲಿಲ್ಲ.

ಅವ್ವ ಆಶೀರ್ವಾದ ಹೇಳಿದ್ದಾಳೆ. ಇದು ಅವಳು ತಾನಾಗಿ ಹೇಳಿದ್ದು. ಕಂಪನಿಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಗಂಟಲು ಜೋಪಾನ.

ನಿನ್ನ ಅಣ್ಣ,
ಶಾಂತಕುಮಾರ

ತಾ.ಕ.: ಮಾಸ್ತರ ಹೊರಗೆ ಅವಸರ ಮಾಡುತ್ತಿದ್ದಾರೆ, ಚುಟುಕಾಗಿ ಬರೆಯುತ್ತೇನೆ. ನೀನು ಬರುತ್ತೀ ಎಂದು ಅವ್ವ ಇವತ್ತು ಅಪ್ಪನಿಗೆ ಹೇಳಿದಳು. "ಯಾವ ಶೈಲಾ? ಮಗಳ ಪಾರ್ಟ್ ಮಾಡಾಕೀನಾ? ತಾಲೀಮಿಗಿ ಲಗೂ ಬಾ ಅನ್ನು" ಎಂದ. ಸಿಟ್ಟು ಮರೆತಿದ್ದಾನೆ, ಸಿಟ್ಟಿನ ಜೊತೆಗೆ ನಿನ್ನನ್ನೂ. ಅವ್ವನಿಗೆ ಎಲ್ಲ ಗೊತ್ತು, ನಾಟಕದ ದಿನವೇ ಗೊತ್ತಿತ್ತು. ನಿನಗೆ ಹೇಳಬೇಡ ಎಂದಿದ್ದಾಳೆ. "ಅಕಿ ಬಾಗಲದಾಗ ಬಂದು ನಿಂತಾಗ ಅವಗ ಆ ಹೆಲ್ಮೆಟ್ ಹಾಕಿ ಕೂಡಸು. ಒಂದು ಮಾತು ಬರಿ, ಸಾಕು" ಎನ್ನುತ್ತಾಳೆ. ಹೆಲ್ಮೆಟ್ಟಿನ ಮೊಬೈಲನ್ನು ಚಾರ್ಜಿಗೆ ಇಟ್ಟಿದ್ದೇನೆ. ಬಾರದೆ ಇರುವುದೂ ನಿನ್ನ ಕೈಯಲ್ಲಿದೆ. ಬಂದರೆ, ನೀನು ಎದುರು ನಿಂತಾಗ ಅಪ್ಪ ಏನು ಹೇಳಬೇಕು ಎಂದು ನಿನಗಿದೆ, ಶೈಲಾ? ನಾನು ಏನು ಬರೆಯಲಿ?