ಕಲಬುರಗಿಯಿಂದ ಲಾಗಿನ್

ಏಪ್ರಿಲ್ 19, 2021. ಸೋಮವಾರ. ಯುಟ್ರೆಕ್ಟ್

ಮತ್ತೆ ಫೋನ್ ಗುಂಯ್ ಎಂದಿತು. ಹಲ್ಲುಜ್ಜುತ್ತಿದ್ದೆ. ‘ಕಲಬುರಗಿಯಿಂದ ಲಾಗಿನ್. ಇದು ನೀವೇನಾ?’ ಬಾಯಲ್ಲಿ ನೊರೆ ಇಟ್ಟುಕೊಂಡೇ ‘ಹೌದು’ ಒತ್ತಿದೆ. ದಿನದ ಮೊದಲ ಸುಳ್ಳು.

ನಾನಲ್ಲ, ಮೈಥಿಲಿ. ಧಾರವಾಡದ ಹಾಸ್ಟೆಲ್‌ನಲ್ಲಿ ಒಂದೇ ರೂಮು ನಮ್ಮದು. ಈಗ ಅವಳ ಪಿಎಚ್‌ಡಿ ಕಲಬುರಗಿಯಲ್ಲಿ, ನನ್ನದು ಇಲ್ಲಿ, ಡಚ್ಚರ ಊರಲ್ಲಿ. ಇಬ್ಬರ ವಿಷಯವೂ ಅಂತರ್ಜಲ. ಕೊರೋನಾ ಅಂತ ಅವಳ ಲೈಬ್ರರಿಗೆ ಬೀಗ. ತೆರೆದಿದ್ದಾಗಲೂ ಬೇಕಾದ ಜರ್ನಲ್ ಸಿಗುತ್ತಿರಲಿಲ್ಲ ಬಿಡಿ. ಹೋದ ವರ್ಷ ನನ್ನ ಯೂನಿವರ್ಸಿಟಿಯ ಪಾಸ್‌ವರ್ಡ್ ಕೊಟ್ಟುಬಿಟ್ಟೆ. ಹಾಸ್ಟೆಲ್‌ನಲ್ಲಿ ಒಬ್ಬಳ ಲೈಬ್ರರಿ ಕಾರ್ಡಿನ ಮೇಲೆ ಇಡೀ ರೂಮು ಓದುತ್ತಿತ್ತು. ಕಾರ್ಡು ಯಾರದು ಅಂತ ಯಾರೂ ಕೇಳಿದವರಲ್ಲ. ಅದೇ ಅಭ್ಯಾಸ. ಅವಳು ಅಲ್ಲಿ ಪಾಸ್‌ವರ್ಡ್ ಹಾಕಿದರೆ ಇಲ್ಲಿ ನನ್ನ ಫೋನ್ ಕೇಳುತ್ತದೆ. ನಾನು ಬಾಗಿಲು ತೆಗೆಯುತ್ತೇನೆ. ಅವಳ ಥೀಸಿಸ್ ಫೈಲ್ ಕೂಡ ನನ್ನ ಅಕೌಂಟಿನ ಡ್ರೈವ್‌ನಲ್ಲೇ ಇದೆ.

ಸಂಜೆ ಫೋನ್ ಮಾಡಿ ಬೈದಳು. “ಲೇ ಊರ್ಮಿ, ಬಾಗಿಲಾ ತಗ್ಯಾಕ ಇಷ್ಟೊತ್ತ ಮಾಡಿದ್ರ ನಾ ಥೀಸಿಸ್ ಯಾವಾಗ ಮುಗಸ್ಲಿ?” ನಡುವೆ ಕೆಮ್ಮು. ಏನದು ಎಂದೆ. “ಏನಿಲ್ಲ, ಧೂಳ” ಎಂದಳು.

ಏಪ್ರಿಲ್ 23. ಶುಕ್ರವಾರ

ಯೂನಿವರ್ಸಿಟಿಯಿಂದ ಮಾರುದ್ದ ಮೇಲ್. ನಮ್ಮದು, ಪಕ್ಕದೂರಿನದು — ಎರಡೂ ಯೂನಿವರ್ಸಿಟಿಗಳ ಲೈಬ್ರರಿ, ಐಟಿ ಇನ್ನು ಒಂದೇ. ಒಂದೇ ಕ್ಯಾಟಲಾಗ್, ಒಂದೇ ಲಾಗಿನ್, ಒಂದೇ ಹೆಲ್ಪ್‌ಡೆಸ್ಕ್. ಮುಂದಿನ ವೀಕೆಂಡಿಗೆ ಬದಲಾವಣೆ.

ಚೇತನ್‌ಗೆ ಫೋನ್ ಮಾಡಿದೆ. ಮೈಸೂರಿನವನು, ಕನ್ನಡ ಸಂಘದ ಪರಿಚಯ, ಈ ಜೋಡಣೆಯದೇ ಕೆಲಸ. “ಅಯ್ಯೋ ಕೇಳ್ಬೇಡಿ ಊರ್ಮಿಳಾ. ಎರಡು ಮನೆ ಪಾತ್ರೆ ಒಂದೇ ಅಡುಗೆಮನೆಗೆ ತುಂಬ್ತಾ ಇದೀವಿ. ಯಾವ ಸೌಟು ಯಾರದ್ದು ಅಂತ ದಿನಾ ಜಗಳ.” ನಕ್ಕೆ.

ಆಮೇಲೆ ಮೈಥಿಲಿಯ ಮೆಸೇಜ್. ಪಾಸಿಟಿವ್.

ಏಪ್ರಿಲ್ 26. ಸೋಮವಾರ

ಮೂರು ಆಸ್ಪತ್ರೆ ಸುತ್ತಿದ ಮೇಲೆ ಮೈಥಿಲಿಯ ತಮ್ಮ ಅನಿರುದ್ಧ ಅವಳಿಗೊಂದು ಬೆಡ್ ಹುಡುಕಿದ್ದಾನೆ. ಕಾರಿಡಾರಿನಿಂದಲೇ ಫೋನ್ ಮಾಡಿದಳು. ಹಿಂದೆ ಯಾರೋ ಚೀರುತ್ತಿದ್ದರು. ಒಂದೊಂದು ಮಾತಿಗೂ ಉಸಿರೆಳೆದುಕೊಳ್ಳುತ್ತಿದ್ದಳು.

“ಆಕ್ಸಿಜನ್ ಹಚ್ತಾರಂತ. ಸುಮ್ನ ಅಳಬ್ಯಾಡ ನೀ. ನಾಕನೇ ಚಾಪ್ಟರ್ ಓದಿಡು.”

ಓದಲು ಕೂತೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಏಪ್ರಿಲ್ 27

ಕಿಂಗ್ಸ್ ಡೇ, ಇಲ್ಲಿನ ರಾಜನ ಹುಟ್ಟುಹಬ್ಬ. ಕಾಲುವೆ ದಂಡೆಯ ತುಂಬ ಕಿತ್ತಳೆ ಬಣ್ಣ, ಬಿಯರ್, ಹಾಡು. ಕೊರೋನಾ ಯಾವ ದೇಶದ ಕಾಯಿಲೆಯೋ ಅನ್ನುವ ಹಾಗೆ. ಕಿಟಕಿ ಮುಚ್ಚಿದೆ.

ಮೈಥಿಲಿಯ ಫೋನ್ ಸ್ವಿಚ್ಡ್ ಆಫ್. ಆಸ್ಪತ್ರೆಯ ನಂಬರ್ ಸದಾ ಎಂಗೇಜ್. ಅನಿರುದ್ಧನ ನಂಬರ್ ನನ್ನಲ್ಲಿಲ್ಲ. ಎಷ್ಟು ವರ್ಷದ ಗೆಳೆತನ, ತಮ್ಮನ ನಂಬರ್ ಕೇಳಿ ಇಟ್ಟುಕೊಳ್ಳಬೇಕು ಅನ್ನಿಸಲೇ ಇಲ್ಲ. ಹಳೆಯ ಕ್ಲಾಸ್‌ಮೇಟ್‌ಗಳಿಗೆಲ್ಲ ಬರೆದೆ. ಯಾರಿಗೂ ಏನೂ ಗೊತ್ತಿಲ್ಲ. ಅವರವರ ಮನೆಯಲ್ಲಿ ಅವರವರ ಗೋಳು.

ಏಪ್ರಿಲ್ 29. ಗುರುವಾರ

ಮಧ್ಯಾಹ್ನ ಸುಮ್ಮನೆ ಅಕೌಂಟ್ ತೆರೆದೆ. ಯಾವ ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಇದೆ ಎಂದು ತೋರಿಸುವ ಪುಟ. ಯುಟ್ರೆಕ್ಟ್ — ಹಸಿರು ಚುಕ್ಕೆ. ಕಲಬುರಗಿ — ಹಸಿರು ಚುಕ್ಕೆ!

ಮನೆಗೆ ಬಂದಿದ್ದಾಳೆ! ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಳೆ! ಕುಣಿದೆ. ಅನ್ನಕ್ಕಿಟ್ಟೆ. ಎಷ್ಟು ದಿನವಾಗಿತ್ತೋ ಹಸಿವಾಗಿ. ಖುಷಿ ತಡೆಯಲಾಗದೆ ಚೇತನ್‌ಗೆ ಫೋನ್ ಮಾಡಿ ಪಾಸ್‌ವರ್ಡ್ ಕಥೆಯನ್ನೂ ಬಾಯಿಬಿಟ್ಟೆ.

ಅವನು ದನಿ ತಗ್ಗಿಸಿದ. “ಪಾಸ್‌ವರ್ಡ್ ವಿಷಯ ನಾನು ಕೇಳಿಸ್ಕೊಂಡಿಲ್ಲ, ಆಯ್ತಾ? ಆದ್ರೆ ಊರ್ಮಿಳಾ... ಅದು ಬರೀ ಸೆಷನ್. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಪೇಜ್ ಓಪನ್ ಬಿಟ್ಟು ಹೋಗಿದ್ರೂ ಹಂಗೇ ತೋರ್ಸುತ್ತೆ. ಮುಂದೆ ಯಾರಾದ್ರೂ ಕೂತಿರ್ಬೇಕು ಅಂತೇನಿಲ್ಲ.”

ಫೋನ್ ಕುಕ್ಕಿದೆ. ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಹೊಡೆದೇ ಬಿಡುತ್ತಿದ್ದೆ.

ಅನ್ನ ತಳ ಹಿಡಿಯಿತು. ಆಮೇಲೆ ಅವನದೇ ಮೆಸೇಜ್ — ‘ವೀಕೆಂಡ್‌ನಲ್ಲಿ ಎಲ್ಲರ ಲಾಗಿನ್ ಕಿತ್ತುಹೋಗುತ್ತೆ. ಆಮೇಲೆ ಕಲಬುರಗಿಯಿಂದ ನಿಮ್ಮ ಫೋನಿಗೆ ಪ್ರಶ್ನೆ ಬಂದ್ರೆ, ಯಾರೋ ಪಾಸ್‌ವರ್ಡ್ ಟೈಪ್ ಮಾಡಿದಾರೆ ಅಂತ. ಅದಕ್ಕೆ ಕೈ ಬೇಕೇ ಬೇಕು.’

ಮೇ 2. ಭಾನುವಾರ

ಎರಡು ಯೂನಿವರ್ಸಿಟಿಯ ಲಾಗಿನ್ ಒಂದಾಯಿತು. ಹಸಿರು ಚುಕ್ಕೆ ಆರಿತು.

ಫೋನ್ ಸ್ನಾನದ ಮನೆಗೂ ಬರುತ್ತಿದೆ. ವಾಲ್ಯೂಮ್ ಪೂರ್ತಿ. ಒಮ್ಮೆ ಗುಂಯ್ ಎಂದಿತು, ಸೋಪಿನ ಕೈಯಲ್ಲೇ ಎತ್ತಿಕೊಂಡೆ. ಪಾರ್ಸೆಲ್‌ನವನು.

ಮೇ 3. ಸೋಮವಾರ

ಹೊಸ ಐಟಿಯ ಸೆಕ್ಯುರಿಟಿಯಿಂದ ಮೇಲ್. ಕಳಿಸಿದವಳು ಹನ್ನೆಕ ಎಂಬಾಕೆ. ನಿಮ್ಮ ಅಕೌಂಟಿಗೆ ಒಂದು ವರ್ಷದಿಂದ ಭಾರತದಿಂದ ಲಾಗಿನ್ ಆಗುತ್ತಿದೆ. ಕೂಡಲೇ ಪಾಸ್‌ವರ್ಡ್ ಬದಲಿಸಿ. ಇಲ್ಲವಾದರೆ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಬ್ಲಾಕ್.

ಎರಡು ಯೂನಿವರ್ಸಿಟಿ ಹಂಚಿಕೊಂಡರೆ ಕೇಕು, ಭಾಷಣ. ಇಬ್ಬರು ಹುಡುಗಿಯರು ಹಂಚಿಕೊಂಡರೆ ‘ಇನ್ಸಿಡೆಂಟ್’.

ಚೇತನ್ ಅಂಗಲಾಚುತ್ತಿದ್ದಾನೆ. “ಚೇಂಜ್ ಮಾಡ್ಬಿಡಿ, ಪ್ಲೀಸ್. ಯಾರೋ ಹ್ಯಾಕ್ ಮಾಡಿದ್ರು ಅನ್ನಿ, ಮುಗೀತು. ಬ್ಲಾಕ್ ಆದ್ರೆ ಎನ್‌ಕ್ವೈರಿ, ತಿಂಗಳುಗಟ್ಟಲೆ. ಜೂನ್‌ಗೆ ಥೀಸಿಸ್ ಕೊಡ್ಬೇಕಲ್ವಾ ನೀವು? ಇಲ್ಲಿರೋ ಪರ್ಮಿಟ್ ಕಥೆ ಏನು?”

ಗೊತ್ತು. ಎಲ್ಲ ಗೊತ್ತು. ಆದರೆ ಪಾಸ್‌ವರ್ಡ್ ಬದಲಿಸಿದ ಮೇಲೆ ಅವಳು ಎದ್ದು ಕೂತರೆ? ಹಳೆಯದನ್ನೇ ಒತ್ತಿ ಒತ್ತಿ, ಒಳಗೆ ಬರಲಾಗದೆ... ಬದಲಿಸುವುದಿಲ್ಲ.

ಮೇ 4. ಮಂಗಳವಾರ

ಹನ್ನೆಕ ಜೊತೆ ಟೀಮ್ಸ್‌ನಲ್ಲಿ ಮೀಟಿಂಗ್. ಹ್ಯಾಕ್ ಅನ್ನಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೈಥಿಲಿ ಬದುಕಿದ್ದಾಳೋ ಇಲ್ಲವೋ ಎಂದು ತಿಳಿಯಲು ನನಗೆ ಉಳಿದಿರುವುದು ಈ ಲಾಗಿನ್ ಒಂದೇ, ಒಂದು ವಾರ ಬಿಡಿ, ಆಮೇಲೆ ಏನು ಬೇಕಾದರೂ ಮಾಡಿ ಎಂದೆ. ಇಂಗ್ಲಿಷ್ ಕೈಕೊಟ್ಟಿತು. ಅತ್ತೆ, ನಾಚಿಕೆಯಿಲ್ಲದೆ.

ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಕೆಟ್ಟವಳಲ್ಲ. ತನ್ನ ಅಣ್ಣನೂ ಐಸಿಯುನಲ್ಲಿದ್ದ ಎಂದಳು. ಆದರೂ ಒಂದು ಹೆಸರಿನಲ್ಲಿ ಇಬ್ಬರನ್ನು ಬಿಡಲು ತನಗೆ ಅಧಿಕಾರವಿಲ್ಲ, ಗುರುವಾರ ಹನ್ನೆರಡು ಗಂಟೆ ಎಂದರೆ ಗುರುವಾರ ಹನ್ನೆರಡು ಗಂಟೆಯೇ ಎಂದಳು.

ರಾತ್ರಿ ಎಂಟಕ್ಕೆ ಯುದ್ಧದಲ್ಲಿ ಸತ್ತವರಿಗಾಗಿ ಇಡೀ ದೇಶ ಎರಡು ನಿಮಿಷ ಮೌನ. ಬಸ್ಸೂ ನಿಂತಿತು. ನಾನೊಬ್ಬಳೇ ಫೋನಿಗೆ ಕೈಮುಗಿಯುತ್ತಿದ್ದೆ — ಬಾಯಿ ಬಿಡು, ಒಂದು ಸಲ ಬಾಯಿ ಬಿಡು.

ಮೇ 6. ಗುರುವಾರ. ಬೆಳಿಗ್ಗೆ

ನಿನ್ನೆ ಏನೂ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ.

ಥೀಸಿಸ್ ಫೈಲ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿದೆ, ಅವಳದನ್ನು ಮೊದಲು.

ಹನ್ನೊಂದೂವರೆ ದಾಟಿದೆ

ಬಂತು! ಬಂತು! ‘ಕಲಬುರಗಿಯಿಂದ ಲಾಗಿನ್. ಇದು ನೀವೇನಾ?’ ಹೌದು. ಹೌದು. ಬೆರಳು ಎರಡು ಸಲ ತಪ್ಪಿತು. ಕೈ ಬೇಕೇ ಬೇಕು ಎಂದಿದ್ದನಲ್ಲ ಚೇತನ್. ಕೈ ಇದೆ!

ಡ್ರೈವ್ ತೆರೆದೆ. ಅವಳ ಫೈಲ್‌ನಲ್ಲಿ, ನಾಲ್ಕನೇ ಅಧ್ಯಾಯದ ಕೊನೆಯಲ್ಲಿ, ಕರ್ಸರ್. ‘ಲೇ ಮೈಥಿಲಿ, ಎಲ್ಲಿ ಸತ್ತಿದ್ದೆ!’ ಎಂದು ಟೈಪ್ ಮಾಡಿದೆ. ಅಳಿಸಿದೆ. ಅಂಥ ಮಾತು ಈಗ ಯಾಕೆ.

ಅಕ್ಷರಗಳು ಬರುತ್ತಿವೆ. ಬಹಳ ನಿಧಾನ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದ ಹಾಗೆ. ಮೈಥಿಲಿ ಹೀಗೆ ಟೈಪ್ ಮಾಡುವವಳಲ್ಲ.

‘ಅಕ್ಕಾರ ನಮಸ್ಕಾರ. ನಾ ಅನಿರುದ್ಧ. ಅಕ್ಕನ ಫೋನ್ ವಾರ್ಡಿನ್ಯಾಗ ಕಳೀತ್ರಿ. ನಿಮ್ಮ ನಂಬರ್ ಅದರಾಗ ಇತ್ತು. ನನಗೂ ಜ್ವರ ಬಂದು ಅಡ್ಮಿಟ್ ಆಗಿದ್ದೆ. ಇವತ್ತ ಮನೀಗೆ ಬಂದೀನಿ. ಇಲ್ಲೆ ಲಾಗಿನ್ ಮಾಡಿದ್ರ ನಿಮ್ಮ ಫೋನ್ ಬಡೀತೈತಿ ಅಂತ ಆಕೀನ ಪಾಸ್‌ವರ್ಡ್ ಕೊಟ್ಟು ಹೇಳಿದ್ದಳು. ಅಕ್ಕಾರ, ನೀವು ಅಲ್ಲೆ ಒಬ್ರ ಅದೀರೇನ್ರಿ? ಯಾರರ ಜೋಡಿ ಇದ್ರ ಚಲೋ ಇತ್ತು. ಮೈಥಿಲಿ ಅಕ್ಕ’

ಅಲ್ಲಿಗೆ ನಿಂತಿದ್ದಾನೆ. ಕರ್ಸರ್ ಮಿಣುಕುತ್ತಿದೆ. ಮುಂದಿನ ಅಕ್ಷರ ಹುಡುಕುತ್ತಿರಬೇಕು.

ಬರೆಯಬೇಡ ಅನಿರುದ್ಧ. ಇಷ್ಟು ದಿನ ಒಂದಕ್ಷರಕ್ಕಾಗಿ ಸತ್ತೆ. ಈಗ ಬೇಡ. ಹನ್ನೆರಡಾಗಲು ಇನ್ನು ಸ್ವಲ್ಪವೇ ಹೊತ್ತು. ಹನ್ನೆಕ, ಮುಚ್ಚಿಬಿಡು ತಾಯಿ, ಈಗಲೇ ಮುಚ್ಚಿಬಿಡು. ಅವನು ಬರೆಯುವವರೆಗಾದರೂ ಅವಳು