ಲಾರಿ ಸಾಲಿಗೂ ಭತ್ತದ ರಾಶಿಗೂ ನಡುವೆ ಉಳಿದ ದಾರಿ

ಪಟ್ಟಣ ಪಂಚಾಯಿತಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಗಿರಣಿ ರಸ್ತೆಯ ದೀಪ ತೆಗೆಸಿದವರು ನೀವು. ಆ ಕತ್ತಲಲ್ಲಿ ಕೈ ಮುರಿದುಕೊಂಡವಳು ನನ್ನ ಮಗಳು. ಇದನ್ನು ನಿಮ್ಮೆದುರು ನಿಂತು ಹೇಳೋಣವೆಂದು ಕಚೇರಿಗೆ ಬಂದರೆ ನೀವು ಸಭೆಯಲ್ಲಿದ್ದಿರಿ. ಮತ್ತೆ ಬಂದೆ, ಮತ್ತೆ ಸಭೆ. ಇಷ್ಟೊಂದು ಸಭೆ ನಡೆಸುವ ಊರು ಇಷ್ಟು ಹಾಳಾಗಿರುವುದು ಹೇಗೆಂದು ಯೋಚಿಸುತ್ತಲೇ ಮನೆಗೆ ಹೋದೆ. ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮ ಸಭೆ ಮುಗಿದ ಮೇಲೆ ಯಾರಾದರೂ ನಿಮಗೂ ಓದಿ ಹೇಳಿಯಾರು.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ರಸ್ತೆ, ಚರಂಡಿ, ಬೀದಿದೀಪ ಇವೆಲ್ಲ ಸ್ಥಳೀಯ ಸಂಸ್ಥೆಯ ಕರ್ತವ್ಯಗಳು ಎಂದು ವರ್ಷ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಈ ವರ್ಷ ಆ ಪಾಠ ಮಾಡುವಾಗ ಮಕ್ಕಳ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಯಿತು.

ಗಿರಣಿ ರಸ್ತೆಯನ್ನು ನೀವು ಜೀಪಿನ ಕಿಟಕಿಯಿಂದ ನೋಡಿರಬಹುದು. ನಡೆಯುವವರಿಗೆ ಅದು ಹೇಗಿದೆ ಎಂದು ಹೇಳುತ್ತೇನೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸು ನಮ್ಮನ್ನು ಹೆದ್ದಾರಿಯಲ್ಲಿ ಇಳಿಸುತ್ತದೆ. ಅಲ್ಲಿಂದ ನಮ್ಮ ಬಡಾವಣೆಗೆ ಇರುವುದು ಇದೊಂದೇ ದಾರಿ. ಎಡಕ್ಕೆ ಅಕ್ಕಿ ಗಿರಣಿಗಳ ಎತ್ತರದ ಗೋಡೆ. ಗೋಡೆಯಿಂದ ನಾಲ್ಕು ಹೆಜ್ಜೆ ಬಿಟ್ಟು ಭತ್ತ ತಂದ ಲಾರಿಗಳ ಸಾಲು. ಗೋಡೆಗೂ ಲಾರಿಗೂ ನಡುವಿನ ಸಂದಿಯಲ್ಲಿ ಸಂಜೆಯಾದರೆ ಬಾಟಲಿ, ಇಸ್ಪೀಟು, ಹೊಲಸು ಮಾತು. ಬಲಕ್ಕೆ ಅರ್ಧ ರಸ್ತೆಯ ತುಂಬ ಒಣಹಾಕಿದ ಭತ್ತ, ಅದರಾಚೆ ಅಂಗಡಿಗಳು, ಮನೆಗಳು, ಜನ. ಲಾರಿಗೂ ಭತ್ತಕ್ಕೂ ನಡುವೆ ಒಂದು ಮೋಟಾರ್ ಸೈಕಲ್ ಹಿಡಿಸುವಷ್ಟು ಜಾಗ ಉಳಿಯುತ್ತದೆ. ಸುಗ್ಗಿಯ ಕಾಲದಲ್ಲಿ ನಾವು ನಡೆಯುವ ಸಾರ್ವಜನಿಕ ರಸ್ತೆ ಅಂದರೆ ಅಷ್ಟೇ.

ನನ್ನ ಮಗಳು ಐಶ್ವರ್ಯ ಬಳ್ಳಾರಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ. ಪ್ರಾಕ್ಟಿಕಲ್ ಇದ್ದ ದಿನ ಊರು ಮುಟ್ಟುವಾಗ ಹೊತ್ತು ಮುಳುಗಿರುತ್ತದೆ. ಅವತ್ತು ಅವಳು ಲಾರಿಗೂ ಭತ್ತಕ್ಕೂ ನಡುವಿನ ಆ ದಾರಿಯಲ್ಲಿ ಬರುತ್ತಿದ್ದಾಗ ಲಾರಿಗಳ ಮಧ್ಯದಿಂದ ಇಬ್ಬರು ಹೊರಬಂದು ಎದುರಿಗೆ ನಿಂತರು. ತಿರುಗಿ ನೋಡಿದರೆ ಹಿಂದೆ ಮತ್ತೊಬ್ಬ. ಬಲಕ್ಕೆ ಭತ್ತ. ಅದನ್ನು ದಾಟಿದರೆ ಅಂಗಡಿಯ ಬೆಳಕು, ಜನ. ಭತ್ತ ಕಾಯುತ್ತ ಆಚೆ ಕೂತಿದ್ದ ಕರೂರಿನ ಕೊಟ್ರಬಸಮ್ಮನಿಗೆ ಏನು ನಡೆಯುತ್ತಿದೆ ಎಂದು ತಿಳಿದುಹೋಯಿತು. ಆಕೆ ಅಲ್ಲಿಂದಲೇ ಕೂಗಿದಳಂತೆ: "ತುಳಕೊಂತ ಬಾರವ್ವಾ! ಭತ್ತ ಹಾಳಾಗಿ ಹೋಗ್ಲಿ, ನೀ ಓಡಿ ಬಾ!"

ಐಶ್ವರ್ಯ ತುಳಿಯಲಿಲ್ಲ. ಭತ್ತದ ಅಂಚಿನವರೆಗೆ ಹೋಗಿ ನಿಂತುಬಿಟ್ಟಳು. ಆಮೇಲೆ ತಿರುಗಿ, ಎರಡು ಲಾರಿಗಳ ಮಧ್ಯೆ ನುಗ್ಗಿ, ಗೋಡೆಯ ಕಡೆಯಿಂದ ಪಾರಾಗಲು ನೋಡಿದಳು. ಅಲ್ಲಿ ಅವರ ಜೊತೆಗಾರರೇ ಕೂತಿದ್ದರು. ಒಬ್ಬ ದುಪಟ್ಟಾ ಹಿಡಿದೆಳೆದ. ಲಾರಿ ಗಾಲಿಗೆ ಅಡ್ಡ ಇಟ್ಟಿದ್ದ ಕಲ್ಲಿನ ಮೇಲೆ ಬಿದ್ದು ಅವಳ ಬಲಗೈ ಮುರಿಯಿತು. ಕೊಟ್ರಬಸಮ್ಮ ಭತ್ತ ಎಳೆಯುವ ಗೋರುಮಣೆ ಎತ್ತಿಕೊಂಡು ಬೈಯುತ್ತ ಬಂದಳು, ಅಂಗಡಿಯವರೂ ಓಡಿ ಬಂದರು. ಗಂಡಸರೆಂಬ ಆ ಪ್ರಾಣಿಗಳು ಕತ್ತಲಲ್ಲಿ ಕರಗಿದವು. ಯಾರ ಮುಖವೂ ಯಾರಿಗೂ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ನಾನು ಅಳುತ್ತಲೇ ಗದರಿದೆ. "ಭತ್ತದ ಮ್ಯಾಲೆ ಓಡಿ ಹೋಗಾಕ ಏನಾಗಿತ್ತಲೇ ನಿನಗ?" ಅವಳು ನನ್ನನ್ನೇ ನೋಡಿದಳು. "ಚಪ್ಲಿ ಹಾಕ್ಕೊಂಡು ಅನ್ನದ ಮ್ಯಾಲೆ ಹೆಂಗ ಕಾಲಿಡ್ಲಿ, ಅಮ್ಮಾ?"

ಮಾನ್ಯರೇ, ಈ ಸೀಮೆಯಲ್ಲಿ ಹುಟ್ಟಿದ ಯಾವ ಮಗುವನ್ನು ಕೇಳಿದರೂ ಇದೇ ಉತ್ತರ ಬರುತ್ತದೆ. ಒಂದು ಕಾಳು ಕಾಲಿಗೆ ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಆ ಮರ್ಯಾದೆ ಅವಳ ಕೈ ಮುರಿಯಿತು. ಅವಳ ಮೇಲೆ ನನಗೆ ಸಿಟ್ಟು ಬಂತು, ಹೆಮ್ಮೆಯೂ ಆಯಿತು. ನಿಮ್ಮ ಮೇಲೆ ಮಾತ್ರ ಬರೀ ಸಿಟ್ಟು.

ಯಾಕೆಂದರೆ ಆ ರಸ್ತೆಯಲ್ಲಿ ಮೊದಲು ದೀಪವಿತ್ತು. ಕುಡುಕರ ಕಾಟ ತಡೆಯಿರಿ ಎಂದು ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ನಿಮಗೆ ಮನವಿ ಕೊಟ್ಟೆವು. ವಾರದೊಳಗೆ ನಿಮ್ಮವರು ಏಣಿ ತಂದರು. ಪರವಾಗಿಲ್ಲ, ಇನ್ನೂ ಜೋರಾದ ದೀಪ ಹಾಕುತ್ತಾರೆ ಎಂದು ನಾವು ಖುಷಿಯಾಗಿ ಚಹಾ ಕೊಟ್ಟೆವು. ಚಹಾ ಕುಡಿದು ಇದ್ದ ದೀಪವನ್ನೂ ಬಿಚ್ಚಿಕೊಂಡರು. ಕೇಳಿದ್ದಕ್ಕೆ ಬಂದ ಉತ್ತರ ಇದು: "ಬೆಳಕಿದ್ರ ಅಲ್ಲೇ ಇಸ್ಪೀಟ್ ಆಡಕೊಂತ ಕುಂದರ್ತಾರ ಮೇಡಂ. ಕತ್ತಲಾದ್ರ ತಾವ ಎದ್ದು ಹೋಗ್ತಾರ. ಸಾಹೇಬರ ಐಡಿಯಾ ರೀ." ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ಊರಿನ ಮೂಗನ್ನೇ ಕೊಯ್ದವರನ್ನು ಅವತ್ತೇ ನೋಡಿದ್ದು. ಕುಡುಕರು ಎದ್ದು ಹೋದರೇ? ಫೋನಿನ ಟಾರ್ಚು ಹಚ್ಚಿಕೊಂಡು ಇನ್ನೂ ಆರಾಮಾಗಿ ಕೂತರು.

ರಸ್ತೆಯಲ್ಲಿ ಭತ್ತ ಹಾಕುವುದು ತಪ್ಪಲ್ಲವೇ ಎಂದು ನೀವು ಕೇಳುತ್ತೀರಿ. ತಪ್ಪೇ. ಹಸಿ ಭತ್ತವನ್ನು ಗಿರಣಿಯವರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ರೈತರು ಅದನ್ನು ಎಲ್ಲಿ ಒಣಗಿಸಬೇಕು? ಲಾರಿಯವರೂ ಸರದಿ ಬರುವ ತನಕ ಎಲ್ಲಿ ನಿಲ್ಲಬೇಕು? ಇದಕ್ಕೆ ಉತ್ತರವನ್ನು ನೀವೇ ಕಟ್ಟಿಸಿದ್ದೀರಿ. ಹೆದ್ದಾರಿಯ ಪಕ್ಕದಲ್ಲಿ ಕಾಂಕ್ರೀಟು ಹಾಕಿದ ವಿಶಾಲವಾದ ಲಾರಿ ತಂಗುದಾಣವಿದೆ, ಸುತ್ತ ಗೋಡೆಯಿದೆ, ದೊಡ್ಡ ಗೇಟಿದೆ, ಗೇಟಿಗೆ ಬೀಗವೂ ಇದೆ. ಉದ್ಘಾಟನೆಗೆ ದೊಡ್ಡವರ ದಿನಾಂಕ ಸಿಕ್ಕಿಲ್ಲವಂತೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಅಲ್ಲವೇ? ಜಿಲ್ಲೆಯ ಸಾಹೇಬರು ತಪಾಸಣೆಗೆ ಬಂದ ದಿನ ಬೆಳಗಾಗುವುದರೊಳಗೆ ಲಾರಿಗಳೆಲ್ಲ ಅದೇ ಬೀಗದ ಒಳಗೆ ಹೋಗಿ ನಿಂತಿದ್ದವು. ಗಿರಣಿ ರಸ್ತೆ ಅಷ್ಟು ಅಗಲವಿದೆ ಎಂದು ನಮಗೆ ಗೊತ್ತಾಗಿದ್ದೇ ಅವತ್ತು. ಸಾಹೇಬರ ಕಾರು ತಿರುಗಿದ್ದೇ ತಡ, ಲಾರಿಗಳು ಹೊರಗೆ, ಬೀಗ ಗೇಟಿಗೆ. ಅಂದರೆ ಕೆಲಸ ಮಾಡಲು ನಿಮಗೆ ಬರುವುದಿಲ್ಲ ಎಂದಲ್ಲ. ನಾವು ಅದಕ್ಕೆ ಅರ್ಹರಲ್ಲ, ಅಷ್ಟೇ.

ಕೈಗೆ ಪಟ್ಟಿ ಹಾಕಿಸಿಕೊಂಡ ಮಗಳನ್ನು ಕರೆದುಕೊಂಡು ಠಾಣೆಗೆ ಹೋದೆ. ಲಾರಿ ತೆರವು ಪಂಚಾಯಿತಿಯ ಕೆಲಸ ಎಂದರು. ನಿಮ್ಮ ಕಚೇರಿಯಲ್ಲಿ, ಕುಡುಕರು ಪೊಲೀಸರ ಕೆಲಸ ಎಂದರು. ದೀಪದ ವಿಷಯ ಕೇಳಿದರೆ ವಿದ್ಯುತ್ ಇಲಾಖೆಯತ್ತ ಬೆರಳು ತೋರಿಸಿದರು. ಹಾಗಾದರೆ ನನ್ನ ಮಗಳು ಯಾರ ವ್ಯಾಪ್ತಿಗೆ ಬರುತ್ತಾಳೆ, ಸ್ವಾಮಿ? ನಿಮ್ಮ ಸಿಬ್ಬಂದಿಯೊಬ್ಬರು ಬುದ್ಧಿಮಾತೊಂದನ್ನೂ ದಯಪಾಲಿಸಿದರು: "ಹೊತ್ತು ಮುಳುಗಿದ ಮ್ಯಾಲೆ ಹೆಣ್ಮಕ್ಕಳನ್ನ ಯಾಕ ಅಡ್ಡಾಡಾಕ ಬಿಡ್ತೀರಿ?" ಅಡ್ಡಾಡಲು ಬಿಟ್ಟಿರಲಿಲ್ಲ. ಓದಲು ಕಳಿಸಿದ್ದೆವು.

ಆದರೆ ಆ ಮಾತು ನಮ್ಮ ಮನೆಯ ಒಳಗೂ ಬಂದುಬಿಟ್ಟಿದೆ. ನನ್ನ ಯಜಮಾನರು ಚನ್ನಬಸವರಾಜ ಕೆಟ್ಟವರಲ್ಲ, ಮಗಳನ್ನು ಬಳ್ಳಾರಿಯ ಕಾಲೇಜಿಗೆ ಸೇರಿಸಿದ್ದೇ ಅವರು. ಈಗ ಅವರದು ಒಂದೇ ಹಟ. "ಓದಿದ್ದು ಸಾಕು. ಈಗ ಕೈ ಮುರದೈತಿ. ಇನ್ನೇನಾಗೋತನಕ ಕಾಯ್ತಿ?" ಒಳಗಿನ ಕೋಣೆಯಲ್ಲಿ ಐಶ್ವರ್ಯ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾಳೆ, ಮುಂದಿನ ತಿಂಗಳು ಅವಳಿಗೆ ಪರೀಕ್ಷೆ. ಅಕ್ಷರ ಸೊಟ್ಟಗಾದಾಗಲೆಲ್ಲ ಹರಿದು ಎಸೆದು ಮತ್ತೆ ಬರೆಯುತ್ತಾಳೆ. ಅಪ್ಪನ ಮಾತು ಅವಳಿಗೂ ಕೇಳಿಸುತ್ತದೆ.

ಬರುವ ಸೋಮವಾರ ಅವಳು ಕಾಲೇಜಿಗೆ ಹೋಗುತ್ತಾಳೆ. ಆ ಒಂದು ದಿನಕ್ಕೆ ಮಾತ್ರ ಅವರನ್ನು ಒಪ್ಪಿಸಿದ್ದೇನೆ. ಅಷ್ಟರೊಳಗೆ ತಂಗುದಾಣದ ಬೀಗ ತೆಗೆಸಿರಿ, ಲಾರಿಗಳನ್ನು ಒಳಗೆ ಕಳಿಸಿರಿ, ಅಲ್ಲಿಯ ಅರ್ಧ ಕಾಂಕ್ರೀಟನ್ನು ಭತ್ತ ಒಣಗಿಸಲು ಬಿಡಿರಿ. ಬಿಚ್ಚಿಕೊಂಡು ಹೋದ ದೀಪವನ್ನು ಮತ್ತೆ ಕಂಬಕ್ಕೆ ಹಾಕಿಸಿರಿ, ಆ ಹೊತ್ತಿಗೆ ಪೊಲೀಸರು ಒಂದು ಸುತ್ತು ಬರುವಂತೆ ನೀವೇ ಠಾಣೆಗೆ ಬರೆಯಿರಿ. ಸಂಜೆ ಬಸ್ಸು ಬರುವಾಗ ನಾನು ಹೆದ್ದಾರಿಯಲ್ಲಿ ನಿಂತಿರುತ್ತೇನೆ, ನೀವೂ ಬನ್ನಿ. ಜೀಪು ಬೇಡ, ಹಿಂಬಾಲಕರು ಬೇಡ. ನಮ್ಮ ಜೊತೆ ಮನೆಯ ತನಕ ನಡೆಯಿರಿ. ಬಾಗಿಲಲ್ಲಿ ನಿಂತಿರುವ ಆ ತಂದೆಗೆ, ದಾರಿ ಸರಿಯಿದೆ, ಮಗಳನ್ನು ಓದಿಸಿ ಎಂದು ನೀವೇ ಹೇಳಿರಿ.

ಹೇಳಲಾಗದಿದ್ದರೆ ಮಂಗಳವಾರದಿಂದ ಬಳ್ಳಾರಿ ಬಸ್ಸಿನಲ್ಲಿ ನಮ್ಮೂರ ಒಬ್ಬ ಹುಡುಗಿ ಕಡಿಮೆ. ಆಮೇಲೆ ನೀವು ರಸ್ತೆಯುದ್ದಕ್ಕೂ ದೀಪ ಹಾಕಿಸಿದರೂ ಅವಳಿಗೆ ಅದು ಬೇಕಾಗುವುದಿಲ್ಲ.

ಇಂತಿ,
ಏಣಿ ತಂದವರಿಗೆ ನಂಬಿ ಚಹಾ ಕೊಟ್ಟವಳು,
ದಾಕ್ಷಾಯಣಿ
ಗಿರಣಿ ರಸ್ತೆ