ಪದ್ಮಾವತಿಯ ವೇಷ ಕಟ್ಟಿದವನು

ಗೌನಿಪಲ್ಲಿ
೧೮-೨-೧೯೮೪

ಮಗನೇ ಕೋದಂಡಾ,

ಅಮ್ಮನ ಆಶೀರ್ವಾದ. ಮಸ್ಕತ್ತಿನ ದೂಳಿಗೆ ಹಿಡಿದ ಕೆಮ್ಮು ಈಗ ಹೇಗಿದೆ? ಬೆಳಗ್ಗೆ ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ಕೂಲರಿನ ಎದುರು ಮಲಗಬೇಡ. ಇಲ್ಲಿ ನಾವು ಕ್ಷೇಮ. ಮಾವು ಈ ಸಲ ಮೈತುಂಬ ಹೂ ಬಿಟ್ಟಿದೆ. ನಿಮ್ಮಪ್ಪ ಹೊತ್ತು ಮುಳುಗುವವರೆಗೂ ತೋಪಿನಲ್ಲೇ ಇರುತ್ತಾರೆ. ಮನೆಗೆ ಬಂದರೆ ನನ್ನ ಜೊತೆ ಮಾತಾಡಬೇಕಾಗುತ್ತದಲ್ಲ, ಅದಕ್ಕೆ. ಯಾಕೆಂದು ಬರೆಯುತ್ತೇನೆ, ಗಾಬರಿಯಾಗಬೇಡ.

ನಿನ್ನ ಜೊತೆ ಕೆಲಸ ಮಾಡುವ ಆಂಜಿನಪ್ಪ ರಜೆಗೆ ಬಂದವನು ಸಂಕ್ರಾಂತಿ ಕಳೆದ ಮೇಲೆ ಮನೆಗೆ ಬಂದಿದ್ದ. ನೀನು ಕಳಿಸಿದ ಖರ್ಜೂರ, ಟಾರ್ಚು ತಲುಪಿದವು. ಅವನಿಗೆ ರೊಟ್ಟಿ ತಟ್ಟುತ್ತಾ ನಿನ್ನ ಸಮಾಚಾರ ಕೇಳಿದರೆ ನಾಟಕದ ಕಥೆಯನ್ನೇ ಬಿಚ್ಚಿದ. ಇಷ್ಟು ವರ್ಷದಲ್ಲಿ ಒಂದು ಕಾಗದದಲ್ಲೂ ಬರೆಯಲಿಲ್ಲವಲ್ಲೋ ನೀನು. ಕ್ಯಾಂಪಿನ ಊಟದ ಹಾಲಿನಲ್ಲಿ ಬೆಡ್‌ಶೀಟುಗಳನ್ನೇ ಪರದೆ ಮಾಡಿ 'ಪದ್ಮಾವತಿಯ ಷರತ್ತು' ಆಡಿದಿರಂತೆ. ಪದ್ಮಾವತಿಯಾಗಬೇಕಿದ್ದವನಿಗೆ ಅವತ್ತೇ ಜ್ವರ ಬಂದು ನೀನು ಮೀಸೆ ಬೋಳಿಸಿಕೊಂಡು ನಿಂತೆಯಂತೆ. ನೋಡಲು ಬಂದ ಗಂಡು ಒಂದು ದಿನ ತಮ್ಮ ಮನೆಯಲ್ಲಿ ಅಡುಗೆ ಮಾಡಿ ಬಡಿಸಿದರೆ ಮಾತ್ರ ಮದುವೆ ಅನ್ನುವ ಹುಡುಗಿ ಅವಳು. ದಿನಾ ತಾವೇ ಬೇಯಿಸಿಕೊಂಡು ತಿನ್ನುವ ಗಂಡಸರು ನಗದೆ ಇರುತ್ತಾರೆಯೇ? ಮೊದಲು ನಿನ್ನ ಗಂಟಲಿಗೇ ಶಿಳ್ಳೆ ಹೊಡೆದರಂತೆ. ಕೊನೆಗೆ ಪದ್ಮಾವತಿ ಆ ಗಂಡು ಸೀಯಿಸಿಟ್ಟ ಸಾರನ್ನೇ ಅನ್ನಕ್ಕೆ ಕಲಸಿಕೊಂಡು, ಚೆನ್ನಾಗಿದೆ ಎನ್ನುತ್ತಾ ತಿನ್ನುವಾಗ ಶಿಳ್ಳೆ ಹೊಡೆದವರೇ ಕಣ್ಣೊರೆಸಿಕೊಂಡರಂತೆ. ಹೆಂಡತಿಯರನ್ನು ಊರಲ್ಲಿ ಬಿಟ್ಟು ಬಂದವರಲ್ಲವೇ, ಪಾಪ.

ಮಾರನೆ ವರ್ಷ ಯುಗಾದಿಗೆ ಅಲ್ಲಿನ ಶಾಲೆಯೊಂದರಲ್ಲಿ, ಸಂಸಾರಸ್ಥರ ಮುಂದೆ ಮತ್ತೆ ಆಡಿದಿರಂತೆ. ಒಬ್ಬ ನರ್ಸಮ್ಮ ಪದ್ಮಾವತಿಯಾಗಲು ಬಂದವರು ನಿನ್ನ ಅಭ್ಯಾಸ ನೋಡಿ, ಈ ಪಾರ್ಟು ಇವರದೇ ಎಂದು ಬಿಟ್ಟುಕೊಟ್ಟರಂತೆ. ಕಳೆದ ದೀಪಾವಳಿಗೆ ಬಹರೈನಿನಲ್ಲಿ. ಸಾಮಾನಿನ ಪೆಟ್ಟಿಗೆ ವಿಮಾನದಲ್ಲಿ ಬರಲೇ ಇಲ್ಲ, ನೀನು ಹೊದೆಯಲೆಂದು ಒಯ್ದು ವೇಷಕ್ಕೆ ಉಡುತ್ತಿದ್ದ ನನ್ನ ಹಳೆಯ ಸೀರೆ ನಿನ್ನ ಕೈಚೀಲದಲ್ಲಿದ್ದುದರಿಂದ ಉಳಿಯಿತಂತೆ. ಎರಡು ಕುರ್ಚಿ, ಒಂದು ಸ್ಟೌವಿನಲ್ಲೇ ನಾಟಕ. ಸಭೆಯಲ್ಲಿ ಅರ್ಧ ಜನ ಆಂಧ್ರದವರು ಎಂದು ಗೊತ್ತಾದಾಗ ನೀನು ನಿಂತಲ್ಲೇ ಅರ್ಧ ಮಾತನ್ನು ತೆಲುಗಿಗೆ ತಿರುಗಿಸಿದೆಯಂತೆ. ಚಿತ್ತೂರಿನ ಮೇಸ್ತ್ರಿಯೊಬ್ಬ ಎದ್ದುನಿಂತು, ಈ ಹುಡುಗಿ ನಮ್ಮೂರವಳೇ ಎಂದು ಚಪ್ಪಾಳೆ ತಟ್ಟಿದನಂತೆ. ಎರಡೂ ಭಾಷೆ ಆಡುವ ಗೌನಿಪಲ್ಲಿಯ ನಾಲಿಗೆ ಎಲ್ಲಿ ಹೋಗಿ ಉಪಯೋಗಕ್ಕೆ ಬಂತು ನೋಡು. ಅಲ್ಲಿನ ಸಂಘದ ದೊಡ್ಡವರೊಬ್ಬರು, ಸ್ವಲ್ಪ ಸೊಂಟ ಕುಣಿಸು, ಜನ ಬಿದ್ದು ಬಿದ್ದು ನಗುತ್ತಾರೆ ಎಂದಾಗ ನೀನು ಅಂದ ಮಾತನ್ನು ಆಂಜಿನಪ್ಪ ಹಾಗೇ ಹೇಳಿದ: "ಇದು ನಮ್ಮಮ್ಮನ ಸೀರೆ ಸಾರ್. ಉಟ್ಕೊಂಡು ಹಂಗೆಲ್ಲ ಮಾಡಕ್ಕಾಗಲ್ಲ." ನನ್ನ ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು ಕಣೋ.

ಇಷ್ಟಕ್ಕೇ ಮುಗಿದಿದ್ದರೆ ಸುಖವಾಗಿತ್ತು. ಶ್ರೀನಿವಾಸಪುರದ ಒಂದು ಮದುವೆಮನೆಯಲ್ಲಿ ಆಂಜಿನಪ್ಪ ಬಹರೈನಿನ ಫೋಟೋ ತೆಗೆದು ಎಲ್ಲರಿಗೂ ತೋರಿಸಿದ. ಹೆಮ್ಮೆಯಿಂದಲೇ ತೋರಿಸಿದ್ದು, ಅವನನ್ನು ಬೈಯಬೇಡ. ಅಲ್ಲಿ ಮುಳಬಾಗಿಲಿನ ಚನ್ನರಾಯಪ್ಪನವರ ಬಾಮೈದನಿದ್ದ, ನಿನಗೆಂದು ಮಾತಾಡಿಟ್ಟಿರುವ ಅವರ ಮಗಳು ಅನಸೂಯಳ ಸೋದರಮಾವ. ಹೆಂಗಸಿನ ವೇಷ ಕಟ್ಟಿ ದೇಶ ತಿರುಗುವವನಿಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ ಎಂದು ಪಂಕ್ತಿಯ ಮಧ್ಯೆ ಅಂದುಬಿಟ್ಟ. ಊಟಕ್ಕೆ ಕೂತಿದ್ದ ನಿಮ್ಮಪ್ಪ ಅರ್ಧಕ್ಕೇ ಎದ್ದು ಬಂದರು. ಅವತ್ತಿನಿಂದ ಮಾತಿಲ್ಲ. ಸಿಟ್ಟು ನಿನ್ನ ಮೇಲೋ ಅವನ ಮೇಲೋ ತಿಳಿಯದೆ ನಿನ್ನೆ ತೋಪಿಗೇ ಹೋಗಿ ಕೇಳಿದೆ. ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟರು. ಆಮೇಲೆ, "ನಮ್ಮುಡುಗ ಮಾಡಿದ್ರಲ್ಲಿ ತಪ್ಪೇನೈತೆ ಅಂತ ಅಲ್ಲೇ ಕೇಳ್ಬೇಕಾಗಿತ್ತು ಕಣೇ. ಬಾಯೇ ಬರಲಿಲ್ಲ" ಅಂದರು.

ಮೊನ್ನೆ ಅನಸೂಯ ಆಂಜಿನಪ್ಪನನ್ನು ಮನೆಗೆ ಕರೆಸಿ, ಅಪ್ಪ ಮತ್ತು ಮಾವನ ಎದುರಿಗೇ, ನಾಟಕ ಎಲ್ಲೆಲ್ಲಿ ಹೇಗೆ ಆಯಿತೆಂದು ಮೊದಲಿನಿಂದ ಕೇಳಿದಳಂತೆ. ಕೇಳಿ ಮುಗಿದ ಮೇಲೆ ಅವನು ಕುಡಿದಿಟ್ಟ ಲೋಟ ಎತ್ತಿಕೊಂಡು ಒಳಗೆ ಹೋದಳಂತೆ. ಅದನ್ನು ಹೇಗೆ ತಿಳಿದುಕೊಳ್ಳಬೇಕೋ ನನಗೆ ಗೊತ್ತಾಗುತ್ತಿಲ್ಲ. ಏನೇ ಆಗಲಿ, ನೀನು ತಲೆ ತಗ್ಗಿಸಬೇಡ. ನಾಟಕ ಬಿಡಬೇಡ. ನನಗೊಬ್ಬಳಿಗೆ ನೋಡಲಾಗಲಿಲ್ಲವಲ್ಲ, ಸಂಕಟ ಅದೊಂದೇ.

ಹೊಟ್ಟೆ ತುಂಬ ಉಣ್ಣು. ನಿನ್ನ ರೂಮಿನ ಹುಡುಗರಿಗೆಲ್ಲ ನಾನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ಹರಸುವ ನಿನ್ನಮ್ಮ
ಆದಿಲಕ್ಷ್ಮಮ್ಮ

ತಾ.ಕ.: ಕಾಗದ ಅಂಟಿಸುವ ಹೊತ್ತಿಗೆ ಚನ್ನರಾಯಪ್ಪನವರು ಬಸ್ಸಿಳಿದು ಬಂದರು. ಹೂವು, ಎಲೆ ಅಡಿಕೆ ತಂದಿದ್ದಾರೆ. ನಿಮ್ಮಪ್ಪ ಅವರ ಕೈ ಹಿಡಿದುಕೊಂಡು ಕೂತಿದ್ದಾರೆ, ಬಿಡುತ್ತಿಲ್ಲ. ಅನಸೂಯ ತನ್ನ ಸೋದರಮಾವನಿಗೆ ಹೇಳಿದ್ದು ಇಷ್ಟೇ ಅಂತೆ: "ಹೆಣ್ಣನ್ನ ನಗೆಪಾಟಲು ಮಾಡು ಅಂದ್ರೆ ಆಗಲ್ಲ ಅಂದೋರು ಅವ್ರು. ನಾನು ಅವ್ರನ್ನೇ ಮದ್ವೆ ಆಗ್ತೀನಿ." ವೈಶಾಖಕ್ಕೆ ರಜೆ ಕೇಳು. ಇವತ್ತೇ ಕೇಳು.